ಹನ್ನೊಂದು ಗಂಟೆಯ ಕುರ್ಚಿ

"ಈ ನಾಯಿ ನಿಮ್ಮದಲ್ಲ" ಎಂದರು ಡಾಕ್ಟರು, ನನ್ನ ಮುಖವನ್ನೂ ನೋಡದೆ.

ಬೇರೆ ದೇಶದಿಂದ ಬರುವ ಸಾಕುಪ್ರಾಣಿಗಳು ಇಪ್ಪತ್ತೊಂದು ದಿನ ಕ್ವಾರಂಟೈನ್ ಕೇಂದ್ರದಲ್ಲಿ ಇವರ ಕಣ್ಣೆದುರು ಇರಬೇಕು. ಚಳಿಯ ದೇಶ ಬಿಟ್ಟು, ನಾಯಿ ಬೆಕ್ಕು ಕಟ್ಟಿಕೊಂಡು, ಸಮುದ್ರ ದಾಟಿ ಈ ಸೆಖೆಯ ದೇಶಕ್ಕೆ ಬಂದಿಳಿದು ನನಗಿನ್ನೂ ಎರಡು ದಿನ.

"ನಂದೇ ಡಾಕ್ಟ್ರೇ. ಕಾಗದದಲ್ಲಿ ಇದರ ಹೆಸರಿದೆ ನೋಡಿ, ದಿವಾನ ಅಂತ."

"ಕಾಗದ ಒಪ್ಪಿದೆ, ನಾಯಿ ಒಪ್ಪಬೇಕಲ್ಲ? ಅನ್ನ ನೀರು ಮುಟ್ತಾ ಇಲ್ಲ. ಆ ಉಣ್ಣೆ ಸ್ವೆಟರ್ ಬಿಟ್ಟು ಏಳ್ತಾ ಇಲ್ಲ. ಅದು ಯಾರದ್ದೋ ಅವರನ್ನ ಕರ್ಕೊಂಡು ಬನ್ನಿ."

"ನಮ್ಮಜ್ಜೀದು. ಅವರು ಹೋಗಿ ಎಂಟು ತಿಂಗಳಾಯ್ತು."

ಆಗ ತಲೆಯೆತ್ತಿದರು. ನಿದ್ದೆಗೆಟ್ಟ, ಆದರೂ ಎಣ್ಣೆ ಹಾಕಿದ ದೀಪದಂಥ ಕಣ್ಣುಗಳು. ನಾನು ಬೇಕೆಂದೇ ಬೆಕ್ಕಿನ ಕಡೆ ನೋಡಿದೆ. ನಮ್ಮ ರಾಣಿ ಮೂರನೆಯ ಬಟ್ಟಲು ಖಾಲಿ ಮಾಡುತ್ತಿದ್ದಳು. ಅವಳಿಗೆ ಯಾವ ದೇಶವಾದರೇನು.

ತಪ್ಪು ನನ್ನದೇ. ಪ್ರಾಣಿಗೆ ಸಮಾಧಾನವಾಗಲು ಮನೆಯವರು ತೊಟ್ಟ ಹಳೆಯ ಬಟ್ಟೆಯೊಂದನ್ನು ಜೊತೆಗಿಡಿ ಎಂದು ಕೇಂದ್ರದ ಪತ್ರದಲ್ಲಿತ್ತು. ಅಜ್ಜಿಯ ಸ್ವೆಟರನ್ನೇ ಇಟ್ಟುಬಿಟ್ಟೆ. ಪತ್ರದಲ್ಲಿ ಅದರ ಕೆಳಗಿದ್ದ ಸಾಲನ್ನು ಓದಿರಲಿಲ್ಲ. ಡಾಕ್ಟರು ಈಗ ಅದರ ಮೇಲೆ ಬೆರಳಿಟ್ಟು ತೋರಿಸಿದರು: ಒಳಗೆ ಬಂದ ಬಟ್ಟೆ ಹೊರಗೆ ಹೋಗುವಂತಿಲ್ಲ, ಕೊನೆಯ ದಿನ ಸುಡಲಾಗುವುದು.

ಅಜ್ಜಿಯ ವಾಸನೆ ಉಳಿದಿದ್ದ ವಸ್ತು ಅದೊಂದೇ. ಸ್ವೆಟರ್ ಹೊರಗೆ ಬರುವುದಿಲ್ಲ, ಸ್ವೆಟರ್ ಇಲ್ಲದೆ ದಿವಾನ ನನ್ನ ಜೊತೆ ಬರುವುದಿಲ್ಲ.

"ಒಂದೇ ಒಂದು ಸ್ವೆಟರ್ ಡಾಕ್ಟ್ರೇ."

"ನಿಯಮ."

ಅವತ್ತೇ ಅವರಿಗೆ ಹೆಸರಿಟ್ಟೆ: ನಿಯಮದ ರಾಯರು.

ಅಜ್ಜಿ ಕಥೆಗಳಲ್ಲಿ ಹೇಳುತ್ತಿದ್ದಳು: "ಹೋದವರು ಗೋಡೆ ದಾಟ್ತಾರೆ, ಬೀಗ ದಾಟ್ತಾರೆ. ಕಡಲಿನ ಉಪ್ಪುನೀರು ಮಾತ್ರ ದಾಟಲಾರರು ಮಗಾ." ಚಳಿಯ ದೇಶದ ನಮ್ಮ ಹಳೆಯ ಮನೆಯಲ್ಲಿ, ಸಂಜೆ ನಾಲ್ಕು ಹೊಡೆದರೆ ಅವಳು ಕಿಟಕಿಯ ಪಕ್ಕದ ಕುರ್ಚಿಗೆ ಬಂದು ಕೂರುತ್ತಿದ್ದಳು. ಹೋದ ಮೇಲೂ ನಾಲ್ಕಕ್ಕೆ ದಿವಾನ ಎದ್ದು, ಆ ಖಾಲಿ ಕುರ್ಚಿಯ ಮುಂದೆ ಬಾಲ ಅಲ್ಲಾಡಿಸುತ್ತಿದ್ದ. ಹೊರಡುವ ದಿನ ಕುರ್ಚಿಗೆ ಬೆನ್ನು ತೋರಿಸಲಾರದೆ ನಾನು ಹಿಮ್ಮುಖವಾಗಿ ಹೊಸ್ತಿಲು ದಾಟಿದ್ದೆ.

ಭೇಟಿಗೆ ದಿನಕ್ಕೆ ಅರ್ಧ ಗಂಟೆ, ಬೆಳಿಗ್ಗೆ ಹತ್ತೂಮುಕ್ಕಾಲಿನಿಂದ. ನನ್ನ ಕೆಲಸ ಹತ್ತಿರದ ಗ್ರಂಥಾಲಯದಲ್ಲಿ, ಬೂಷ್ಟು ಹಿಡಿದ ಹಳೆಯ ಪುಸ್ತಕಗಳ ರಿಪೇರಿ. ಕೈಗೆ ಅಂಟಿದ ಗೋಂದಿನ ಸಮೇತ ಓಡಿಬಂದರೂ ಮೊದಮೊದಲು ಹನ್ನೊಂದು ದಾಟಿಯೇ ತಲುಪುತ್ತಿದ್ದೆ.

ನಾಲ್ಕನೆಯ ದಿನ ರಾಯರು ಸ್ವೆಟರನ್ನು ನನ್ನ ಮುಂದೆ ಹಿಡಿದರು. "ಹಾಕ್ಕೊಳ್ಳಿ."

"ಈ ಸೆಖೇಲಿ? ಉಣ್ಣೇನಾ?"

"ಹಾಲಿಗೆ ಹೆಪ್ಪು ಹಾಕಲ್ವಾ? ಹಾಗೆ. ಅಜ್ಜಿ ವಾಸನೆ ಜೊತೆ ದಿನಾ ಸ್ವಲ್ಪ ನಿಮ್ಮ ವಾಸನೆ ಸೇರ್ಲಿ. ಇಪ್ಪತ್ತೊಂದನೇ ದಿನದ ಹೊತ್ತಿಗೆ ಎರಡೂ ಒಂದೇ ಅಂತ ಅದಕ್ಕೆ ಗೊತ್ತಾಗುತ್ತೆ."

"ಮೂರ್ಛೆ ಬಿದ್ರೆ?"

"ನಾಯಿಗಳಿಗೆ ಗ್ಲೂಕೋಸ್ ಇದೆ. ನಿಮಗೂ ನಡೆಯುತ್ತೆ."

ಬೆವರು ಕಿವಿಯ ಹಿಂದಿನಿಂದ ಹರಿದು ಕುತ್ತಿಗೆಗಿಳಿಯಿತು. ಅವರು ಮಾತಿಲ್ಲದೆ ದಾಖಲೆಯ ಫೈಲನ್ನು ಎತ್ತಿ ಬೀಸತೊಡಗಿದರು. ನಾನು ನೋಡಿದರೆ ಗಾಳಿ ನಾಯಿಗೆ, ನೋಡದಿದ್ದರೆ ನನಗೆ. ದಿವಾನ ತೆವಳಿ ಬಂದು ನನ್ನ ತೋಳಿನ ಅಂಚು ಮೂಸಿದ. ಅನುಮಾನದಿಂದ ಒಂದು ತುತ್ತು ತಿಂದ.

ಮಾರನೆಯ ದಿನ ಹನ್ನೊಂದಕ್ಕೆ ಮೊದಲೇ ತಲುಪಿದಾಗ, ನಾಯಿಮನೆಯ ಮೂಲೆಯಲ್ಲಿ ಮಡಚುವ ಕುರ್ಚಿಯೊಂದು ಕಂಡಿತು.

"ಇದು ಯಾರಿಗೆ?"

ರಾಯರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನಿಮ್ಮ ನಾಯಿ ದಿನಾ ಸರಿಯಾಗಿ ಹನ್ನೊಂದಕ್ಕೆ ಮಾತ್ರ ಸ್ವೆಟರ್ ಬಿಟ್ಟು ಎದ್ದು ಆ ಮೂಲೆಗೆ ಬಾಲ ಅಲ್ಲಾಡಿಸುತ್ತೆ. ಯಾರೋ ಬರ್ತಾರೆ ಅನ್ನಿಸ್ತು. ವಯಸ್ಸಾದವರನ್ನ ನಿಲ್ಲಿಸೋದು ಸರಿಯಲ್ಲ ಅಂತ..."

ನನ್ನ ಬೆವರೆಲ್ಲ ತಣ್ಣಗಾಯಿತು. "ಹನ್ನೊಂದಕ್ಕಾ? ಇಲ್ಲಿ ಬೆಳಿಗ್ಗೆ ಹನ್ನೊಂದಾದ್ರೆ ಅಲ್ಲಿ ಸಂಜೆ ನಾಲ್ಕು. ಅಜ್ಜಿ ಕಿಟಕಿ ಹತ್ರ ಬಂದು ಕೂರೋ ಹೊತ್ತು."

"ಹಾಗಾದ್ರೆ ಅಜ್ಜಿ ಗಡಿಯಾರ ಇನ್ನೂ ತಿರುಗಿಸ್ಕೊಂಡಿಲ್ಲ" ಎಂದರು. ನಗಲಿಲ್ಲ. ಕುರ್ಚಿಯನ್ನು ಒಂದಿಷ್ಟು ನೇರ ಮಾಡುತ್ತ ಹೇಳಿದರು, "ನಮ್ಮಮ್ಮ ಹೋದಾಗ ನಮ್ಮನೆ ನಾಯೀನೂ ಒಂದು ವಾರ ಹೀಗೇ ಮೂಲೆ ನೋಡ್ತಿತ್ತು. ನಾನು ಗದರಿಸಿ ಹೊರಗೆ ಕಟ್ಟಿಹಾಕ್ದೆ. ಆಮೇಲೆ ಅದು ಯಾವ ಮೂಲೇನೂ ನೋಡ್ಲಿಲ್ಲ."

ಹನ್ನೊಂದಾಯಿತು. ದಿವಾನ ಎದ್ದ. ಖಾಲಿ ಕುರ್ಚಿಯನ್ನು ನೋಡುತ್ತ ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಫೈಲಿನ ಗಾಳಿಯೂ ನಿಂತಿತ್ತು. ಆದರೂ ನನ್ನ ಮುಂಗುರುಳು ಅಲುಗಿತು.

ಇಪ್ಪತ್ತೊಂದನೆಯ ದಿನ ಸ್ವೆಟರನ್ನು ಬಿಚ್ಚಿಕೊಟ್ಟೆ. ರಾಯರು ಗುಂಡಿಗಳನ್ನು ಒಂದೊಂದಾಗಿ ಹಾಕಿ, ತೋಳುಗಳನ್ನು ಒಳಗೆ ಮಾಡಿ, ನಿಧಾನವಾಗಿ ಮಡಚಿದರು.

"ಸುಡೋದಕ್ಕೆ ಮಡಚೋದ್ಯಾಕೆ?" ಎಂದೆ.

"ಮಡಚಬಾರದು ಅಂತ ನಿಯಮ ಇಲ್ಲ."

ಕೇಂದ್ರದ ಹಿತ್ತಲಿನ ಸುಡುವ ಕುಲುಮೆಯ ಕೊಳವೆಯಿಂದ ತೆಳ್ಳನೆಯ ಹೊಗೆ ಎದ್ದಿತು. ದಿವಾನ ಅದನ್ನೇ ನೋಡಿದ. ಹೊಗೆ ಕರಗಿದ ಮೇಲೆ ಬಂದು ನನ್ನ ಮಣಿಕಟ್ಟನ್ನು ಬಹಳ ಹೊತ್ತು ಮೂಸಿದ. ಆಮೇಲೆ ನನಗಿಂತ ಮುಂದಾಗಿ ಗೇಟಿನ ಕಡೆ ನಡೆದ. ರಾಣಿ ಮಾತ್ರ ಬುಟ್ಟಿಯೊಳಗಿನಿಂದ ಊಟದ ಬಟ್ಟಲಿನ ಕಡೆ ನೋಡುತ್ತ ಅತ್ತಳು.

ಮನೆಯಲ್ಲಿ ಒಂದು ಬೆತ್ತದ ಕುರ್ಚಿ ತಂದು ಕಿಟಕಿಯ ಪಕ್ಕ ಹಾಕಿದೆ. ಮೊದಲ ದಿನ ಹನ್ನೊಂದಾಯಿತು. ದಿವಾನ ಏಳಲಿಲ್ಲ. ಮಾರನೆಯ ದಿನವೂ ಇಲ್ಲ. ವಾರ ಕಳೆಯಿತು. ಉಪ್ಪುನೀರು ದಾಟಿ ಬಂದವಳನ್ನು ನಾನೇ ಬೆಂಕಿಗೆ ಕೊಟ್ಟೆನೇನೋ ಎಂದು ಎದೆ ಹಿಂಡುತ್ತಿತ್ತು. ಫೈಲು ಬೀಸುವ ಕೈಯೊಂದು ನೆನಪಾದರೆ ಇನ್ನೂ ಜಾಸ್ತಿ.

ಭಾನುವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಯಾರೋ ಬಾಗಿಲು ತಟ್ಟಿದರು. ರಾಯರು. ಇಸ್ತ್ರಿಯ ಅಂಗಿ, ಕೈಯಲ್ಲಿ ನನ್ನ ವಿಳಾಸದ ಚೀಟಿ, ಕಂಕುಳಲ್ಲಿ ಮಡಚುವ ಕುರ್ಚಿ.

"ಬನ್ನಿ, ಕೂತ್ಕೊಳ್ಳಿ" ಎಂದವಳು ಬೆತ್ತದ ಕುರ್ಚಿ ನೋಡಿ ತಡವರಿಸಿದೆ. "ಆದ್ರೆ ಅದು..."

"ಗೊತ್ತು. ಅದಕ್ಕೇ ನಂದು ನಾನೇ ತಂದೆ."

"ಕೇಂದ್ರದ್ದಾ?"

"ಛೆ! ಒಳಗಿಂದ ಏನೂ ಹೊರಗೆ ಬರೋ ಹಾಗಿಲ್ಲ. ಅಂಗಡೀದು."

"ನೀವು ಬಂದ್ರಲ್ಲ?"

ಅವರ ಕಿವಿ ಕೆಂಪಾಯಿತು. "ನನ್ನ ಬಗ್ಗೆ ನಿಯಮ ಬರೆದಿಲ್ಲ." ಕುರ್ಚಿ ಬಿಡಿಸಿ, ನನ್ನ ಸ್ಟೂಲಿನ ಪಕ್ಕಕ್ಕಿಟ್ಟು ಕೂತರು.

"ಎಷ್ಟು ಹೊತ್ತು ಇರ್ತೀರಿ?"

"ಈ ಕುರ್ಚೀನ ವಾಪಸ್ ಒಯ್ಯೋ ಯೋಚನೆ ಇಲ್ಲ" ಎಂದರು, ನೆಲ ನೋಡುತ್ತ. "ನೀವು ಒಪ್ಪಿದ್ರೆ."

ನಾನು ಬಾಯಿ ತೆರೆಯುವ ಮೊದಲು ದಿವಾನ ಎದ್ದ. ಕಿಟಕಿಯ ಕಡೆ ತಿರುಗಿದ. ಬಾಲ ಒಮ್ಮೆ ಅಲುಗಿತು, ಮತ್ತೊಮ್ಮೆ, ಆಮೇಲೆ ನಿಲ್ಲಲೇ ಇಲ್ಲ. ಬೆತ್ತದ ಕುರ್ಚಿ, ಯಾರೋ ಸರಿಯಾಗಿ ಕೂತುಕೊಂಡಂತೆ, ಸಣ್ಣಗೆ ಕಿರುಗುಟ್ಟಿತು.

ರಾಯರು ತಟ್ಟನೆ ಎದ್ದು ನಿಂತರು, ದೊಡ್ಡವರು ಬಂದಾಗ ನಿಲ್ಲುವ ಹಾಗೆ.

"ಕೂತ್ಕೊಳ್ಳಿ" ಎಂದು ಅವರ ಕೈ ಹಿಡಿದು ಎಳೆದೆ. "ಅಜ್ಜಿಗೆ ಕಥೆ ಹೇಳ್ಬೇಕು. ಈ ಸಲ ನಮ್ಮದು."