ಕೆಂಪು ಪದರದ ಮೇಲೆ ನಿಂತವನು

ಹನ್ನೊಂದು ಗಂಟೆಗೆ ತೊಟ್ಟಿಯ ಮುಂಬದಿಯ ಹಲಗೆಗಳನ್ನು ಕಿತ್ತರು. ಲೋಡರ್ ಎರಡು ಸಲ ಬಾಯಿ ಹಾಕಿತು. ಮೂರನೆಯ ಸಲ ಬಿಳಿ ಕಲ್ಲುಪುಡಿಯೊಳಗಿಂದ ಒಂದು ಕೈ ಹೊರಬಂತು.

ಹನ್ನೆರಡೂವರೆಗೆ ಶವ ಆಸ್ಪತ್ರೆಗೆ ಹೋಯಿತು. ಒಂದಕ್ಕೆ ವರದಿ ತಯಾರಾಯಿತು. ಕಲ್ಲು ಪುಡಿ ಮಾಡುವ ಆ ಕಾರ್ಖಾನೆಯಲ್ಲಿ ಅಷ್ಟು ಚುರುಕಾಗಿ ನಡೆದ ಕೆಲಸ ಬೇರೊಂದಿರಲಿಲ್ಲ.

"ಕುಡಿದಿದ್ದ. ಹೇಳದೆ ಕೇಳದೆ ತೊಟ್ಟಿಗೆ ಇಳಿದ. ಪುಡಿ ಕುಸಿದು ಸತ್ತ." ಮ್ಯಾನೇಜರ್ ಕಾಗದವನ್ನು ಇನ್ಸ್‌ಪೆಕ್ಟರ್ ಮುಂದೆ ಸರಿಸಿದ. "ಇವತ್ತು ಒಂಬತ್ತಕ್ಕೆ ತಾನೇ ಸುರಕ್ಷತಾ ತಪಾಸಣೆಯವರು ಬಂದು ಎಲ್ಲ ಸರಿ ಇದೆ ಅಂತ ಬರೆದು ಹೋಗಿದ್ದಾರೆ."

"ನನ್ನ ತಮ್ಮ ಕುಡಿಯಲ್ಲ," ಅಂದಳು ಜರಡಿ ವಿಭಾಗದ ಹೆಂಗಸು. ಇದು ನಾಲ್ಕನೆಯ ಸಲ. "ಆ ತಪಾಸಣೆಯವರ ಹತ್ರ ಮಾತಾಡ್ತೀನಿ ಅಂತ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ. ಕುಡಿದು ಬರ್ತಾನಾ?"

ಅವಳ ಗಂಡ, ಅಲ್ಲಿಯ ಮೇಸ್ತ್ರಿ, ಹೆಂಡತಿಯ ಭುಜ ಹಿಡಿದುಕೊಂಡ. ಅವನ ಕಣ್ಣು ಕೆಂಪಗಿತ್ತು. "ನನ್ನ ಬಾಮೈದ ಸಾರ್, ನಾನು ಹೇಳಬಾರದು. ಎಂಟಕ್ಕೆ ಪುಡಿ ಸುರಿಯೋ ಬೆಲ್ಟ್ ನಿಂತ ಮೇಲೆ ಇಳಿದಿರಬೇಕು. ಬಾಯಿ ವಾಸನೆ ಬರ್ತಿತ್ತು."

"ಮೂಗಿಗೆ ವಾಸನೆ ಬಂದಿದ್ರೆ ಕೆಲಸಕ್ಕೆ ಯಾಕೆ ಬಿಟ್ರಿ?"

ಹಾಗೆ ಕೇಳಿ ಬಾಗಿಲಲ್ಲಿ ನಿಂತಿದ್ದವಳನ್ನು ಅಲ್ಲಿ ಎಲ್ಲರೂ ಹುಳದಮ್ಮ ಅನ್ನುತ್ತಿದ್ದರು. ಹಿಂದಿನ ಕ್ವಾರಿಯ ಕಲ್ಲುಹಾಸಿನಲ್ಲಿ ಕೋಟ್ಯಂತರ ವರ್ಷ ಹಿಂದಿನ ಹುಳುಗಳ ಬಿಲ, ಹರಿದಾಡಿದ ಜಾಡು ಇವುಗಳನ್ನು ಅಳೆಯುವುದು ಅವಳ ಕೆಲಸ. ಒಂದು ಹುಳದ ಮೈಯೂ ಉಳಿದಿಲ್ಲ, ಬರೀ ಓಡಾಟ ಉಳಿದಿದೆ. ಮೊದಲ ಚಪ್ಪಡಿಯನ್ನು ತೋರಿಸಿಕೊಟ್ಟವನು ಈಗ ಸತ್ತವನೇ. ಅವಳು ಅತ್ತಿರಲಿಲ್ಲ. ಸಿಟ್ಟಿಗೆದ್ದಿದ್ದಳು.

"ಸಹಿ ಹಾಕಬೇಡಿ," ಅಂದಳು. "ಬಂದು ತೊಟ್ಟಿ ನೋಡಿ."

"ಅಡಗೂಲಜ್ಜಿ ಕಥೆ ಕೇಳೋಕೆ ಟೈಮಿಲ್ಲ," ಅಂದ ಮ್ಯಾನೇಜರ್. "ಲಾರಿ ನಿಂತಿವೆ."

"ಅವನೂ ನಿಂತೇ ಸತ್ತಿದ್ದಾನೆ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದ.

*

ಲೋಡರ್ ಕಡಿದ ಜಾಗದಲ್ಲಿ ಪುಡಿಯ ರಾಶಿ ಗೋಡೆಯಂತೆ ನಿಂತಿತ್ತು. ಕೆಳಗೆ ಬೂದು, ನಡುವೆ ಕೆಂಪು, ಮೇಲೆ ಬಿಳಿ. ಧೂಳು ಏಳದಿರಲೆಂದು ಸದಾ ನೀರು ಚಿಮುಕಿಸುವುದರಿಂದ ಪುಡಿ ಒದ್ದೆಯಾಗಿ ಬಿಗಿದುಕೊಂಡಿತ್ತು. ಶವ ಸಿಕ್ಕಿದ್ದು ಬಿಳಿಯಲ್ಲಿ.

"ಆ ಜಾಗದ ಕೆಳಗೆ ನೋಡಿ," ಅಂದಳು ಹುಳದಮ್ಮ.

ಬೇರೆಲ್ಲ ಕಡೆ ಪದರದ ಗೆರೆಗಳು ನೇರವಾಗಿದ್ದವು. ಅಲ್ಲಿ ಮಾತ್ರ ಕೆಳಕ್ಕೆ ಬಾಗಿದ್ದವು, ಒಂದರೊಳಗೊಂದು ಇಟ್ಟ ಬಟ್ಟಲುಗಳ ಹಾಗೆ. ಬಟ್ಟಲುಗಳ ಸಾಲು ಬೂದು ಪದರದ ಬುಡದಿಂದಲೇ ಶುರುವಾಗಿತ್ತು.

"ಹಳೇ ಕಡಲಲ್ಲಿ ಹುಳದ ಮೇಲೆ ಒಮ್ಮೆಲೇ ಮರಳು ಬಿದ್ರೆ ಅದು ಮೇಲಕ್ಕೆ ತೂರುತ್ತೆ. ಅದು ಬಿಟ್ಟ ಖಾಲಿ ಜಾಗಕ್ಕೆ ಪದರ ಕುಸಿದು ಹೀಗೇ ಬಾಗುತ್ತೆ. ಸತ್ತ ಹುಳ ಹತ್ತಲ್ಲ ಸಾರ್."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ. "ಬೂದು ಪುಡಿ ಯಾವಾಗ ಬಿದ್ದಿದ್ದು?"

"ಏಳಕ್ಕೆ. ಆಮೇಲೆ ಕೆಂಪು. ಏಳೂಕಾಲಿನಿಂದ ಎಂಟರವರೆಗೆ ಬಿಳಿ," ಅಂದಳು ಅಕ್ಕ. ಜರಡಿಯವಳಿಗೆ ಅದು ಬಾಯಿಪಾಠ.

"ಅಂದ್ರೆ ಎಂಟಾದ ಮೇಲೆ ಇಳಿದಿಲ್ಲ. ಏಳಕ್ಕೆ ಮೊದಲೇ ತಳದಲ್ಲಿದ್ದ. ಮೇಲೆ ಸುರೀತಾ ಇದ್ರು, ಇವನು ಹತ್ತುತಾ ಇದ್ದ." ಇನ್ಸ್‌ಪೆಕ್ಟರ್ ತಲೆಯೆತ್ತಿದ. "ಬೆಲ್ಟ್ ಆಪರೇಟರ್‌ನ ಕರೀರಿ."

*

ಆಪರೇಟರ್ ಮುದುಕ. ಮೇಲಿನ ಗಾಜಿನ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತು ಕಿವಿ ಅರ್ಧ ಹೋಗಿತ್ತು.

"ಒಳಗೆ ಇಳಿಯೋನು ಸ್ವಿಚ್ಚಿನ ಕೀಲಿ ಕಿತ್ತು ಜೇಬಿಗೆ ಹಾಕ್ಕೋಬೇಕು. ಅದು ರೂಲು," ಅಂದ. "ಕೀಲಿ ಅಲ್ಲೇ ಇತ್ತು. ಯಾರೂ ಇಲ್ಲ ಅಂದ್ಕೊಂಡೆ. ಕೆಂಪು ಸುರೀವಾಗ ಕೆಳಗಿಂದ ಒಂದು ಸಲ ಗಂಟೆ ಬಾರಿಸಿದ್ರು. ನಿಲ್ಲಿಸು ಅಂತ. ನಿಲ್ಲಿಸ್ದೆ. ಆಮೇಲೆ ಮೂರು ಸಲ ಬಾರಿಸಿದ್ರು. ಶುರು ಮಾಡು ಅಂತ. ಬಿಳಿ ಬಿಟ್ಟೆ."

"ಯಾರು ಬಾರಿಸಿದ್ದು?"

"ಮೇಲಿಂದ ಕಾಣಲ್ಲ ಸಾರ್."

"ಯಾರೂ ಬಾರಿಸಿಲ್ಲ," ಅಂದ ಮೇಸ್ತ್ರಿ. "ಇವನಿಗೆ ಕಿವಿನೇ ಕೇಳಲ್ಲ."

ಕಾನ್‌ಸ್ಟೇಬಲ್ ಮುದುಕನ ರಟ್ಟೆ ಹಿಡಿದ. ಹುಳದಮ್ಮ ಕೈಯಲ್ಲಿದ್ದ ಕುಂಚವನ್ನು ನೆಲಕ್ಕೆ ಎಸೆದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀರಿ! ನಾನಿನ್ನೂ ಮುಗಿಸಿಲ್ಲ."

ಅವಳು ಕೆಂಪು ಪದರದ ಮೇಲಂಚು ತೋರಿಸಿದಳು. "ಬೆಲ್ಟ್ ನಿಂತಾಗ ಇವನು ಸೊಂಟದ ತನಕ ಹೊರಗಿದ್ದ. ನೀರು ಚಿಮುಕ್ತಾನೇ ಇತ್ತು. ಕೆಂಪಿನ ಮೇಲೆ ಕೆನೆಗಟ್ಟಿದೆ ನೋಡಿ. ಅವನ ಮೈ ಸುತ್ತ ಆ ಕೆನೆ ಒಡೆದೇ ಇಲ್ಲ."

"ಅದಕ್ಕೇನು?"

"ಅಲುಗಾಡಿಲ್ಲ ಅಂತ! ಅಲ್ಲಿವರೆಗೆ ಜೀವ ಉಳಿಸ್ಕೊಳ್ಳೋಕೆ ಹತ್ತಿದೋನು ಸುಮ್ಮನಾಗಿದ್ದಾನೆ. ಬಿಳಿ ಬಿದ್ದ ಮೇಲೆ ಮತ್ತೆ ಒದ್ದಾಡಿದ್ದಾನೆ, ಮೇಲೆ ಬಟ್ಟಲುಗಳಿವೆ. ನಡುವೆ ಯಾಕೆ ಸುಮ್ಮನಿದ್ದ? ಯಾರೋ ಬಂದು 'ಅಲುಗಾಡಬೇಡ, ಹಗ್ಗ ತರ್ತೀನಿ' ಅಂದಿದ್ದಾರೆ. ಇವನು ನಂಬಿದ."

ಮುದುಕನನ್ನು ಬಿಡು ಅಂತ ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದ.

*

ಬಿಳಿ ಪುಡಿಯನ್ನು ಬಿಡಿಸಲು ಒಂದು ಗಂಟೆ ಹಿಡಿಯಿತು. ಮೊದಲು ಕರಣೆ, ಆಮೇಲೆ ಕುಂಚ. ಕೆಂಪು ಕೆನೆಯ ಮೇಲೆ ಬಿಳಿ ತುಂಬಿಕೊಂಡ ಹೆಜ್ಜೆಗಳು ಒಂದೊಂದಾಗಿ ಎದ್ದವು. ತೊಟ್ಟಿಯ ಅಂಚಿನಿಂದ ಸತ್ತವನಿದ್ದ ಜಾಗದ ತನಕ ನಾಲ್ಕು. ನಾಲ್ಕೂ ದೂರ ದೂರ.

"ಬರುವಾಗ ಓಡಿ ಬಂದಿದ್ದಾನೆ," ಅಂದಳು. ಆಮೇಲೆ ಹಿಂತಿರುಗಿದ ಸಾಲನ್ನು ಅಳೆದಳು. ಗಂಟೆಯ ಕಂಬದ ಕಡೆಗೆ ಒಂಬತ್ತು ಹೆಜ್ಜೆ. ಒಂದೇ ಅಳತೆ, ಗಿಡ್ಡ ಅಳತೆ. "ಹೋಗುವಾಗ ನಡೆದಿದ್ದಾನೆ. ಹಗ್ಗ ತರೋನು ಹೀಗೆ ನಡೀತಾನಾ?"

ಆರನೆಯ ಹೆಜ್ಜೆಯ ಹತ್ತಿರ ಅವಳ ಕುಂಚ ನಿಂತಿತು. ಅಲ್ಲಿ ಎರಡೂ ಪಾದಗಳು ಪಕ್ಕಪಕ್ಕದಲ್ಲಿ ಊರಿದ್ದವು. ಉಳಿದವಕ್ಕಿಂತ ಆಳ.

"ಇಲ್ಲಿ ನಿಂತಿದ್ದಾನೆ," ಅಂದಳು. "ನಿಂತು ಯೋಚನೆ ಮಾಡಿದ್ದಾನೆ. ಆಮೇಲೆ ಹೋಗಿ ಬಾರಿಸಿದ್ದಾನೆ."

ನಯವಾದ ಅಟ್ಟೆಯ ಶೂ. ಕೂಲಿಯವರ ಗೀರುಗೀರು ಬೂಟಲ್ಲ. ಎಲ್ಲರೂ ಮ್ಯಾನೇಜರ್ ಕಾಲು ನೋಡಿದರು. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಇವರಲ್ಲ," ಅಂದಳು ಹುಳದಮ್ಮ. "ಇವರ ಪಾದ ನೇರ. ಈ ಸಾಲಿನಲ್ಲಿ ಬಲಗಾಲು ಪ್ರತಿ ಸಲ ಹೊರಕ್ಕೆ ತಿರುಗಿದೆ."

ಅವಳು ಅಂಗಳಕ್ಕೆ ಇಳಿದಳು. ಅಲ್ಲೂ ಬೆರಳುದಪ್ಪ ಪುಡಿ. ನೂರು ಹೆಜ್ಜೆಗಳ ನಡುವೆ ಹೊರಕ್ಕೆ ತಿರುಗಿದ ಒಂದು ಬಲಗಾಲು. ಅವಳು ತಲೆ ತಗ್ಗಿಸಿ ಅದರ ಹಿಂದೆ ನಡೆದಳು. ಕಚೇರಿಯ ಮೆಟ್ಟಿಲು, ನೀರಿನ ನಲ್ಲಿ, ಜರಡಿಯ ಶೆಡ್ಡು. ಜಾಡು ಅಕ್ಕನ ಪಕ್ಕದಲ್ಲಿ ಮುಗಿಯಿತು.

ಮೇಸ್ತ್ರಿಯ ಕೈ ಇನ್ನೂ ಹೆಂಡತಿಯ ಭುಜದ ಮೇಲಿತ್ತು. ಅವಳು ಅದನ್ನು ಕೆಳಗಿಳಿಸಿದಳು.

"ಐದು ನಿಮಿಷದ ಕೆಲಸ, ಕೀಲಿ ಯಾಕೆ ಅಂದಿದ್ದೆ," ಅಂದ ಮೇಸ್ತ್ರಿ ನೆಲ ನೋಡುತ್ತ. "ದಿನಾ ಹಾಗೇ ಇಳಿಸ್ತಿದ್ದೆ. ಹೋದ ತಿಂಗಳು ಒಬ್ಬಳ ಕೈ ಹೋಯ್ತು, ಅದನ್ನೂ ಮುಚ್ಚಿದ್ದೆ. ಇವನು ಒಂಬತ್ತಕ್ಕೆ ಎಲ್ಲ ಹೇಳ್ತೀನಿ ಅಂತಿದ್ದ. ಬೆಲ್ಟ್ ಶುರುವಾಗಿದ್ದು ನನಗೆ ಗೊತ್ತಿಲ್ಲ, ಆಣೆ. ನಾನೇ ಓಡಿ ಬಂದು ನಿಲ್ಲಿಸ್ದೆ. ಎಳೆಯೋಕೆ ನೋಡ್ದೆ, ಬರಲಿಲ್ಲ. ಹಗ್ಗ ತರೋಕೇ ಹೊರಟಿದ್ದು."

"ಮತ್ತೆ ಯಾಕೆ ನಿಂತೆ?" ಅಂದಳು ಅವನ ಹೆಂಡತಿ.

ಅವನು ಇನ್ಸ್‌ಪೆಕ್ಟರ್ ಕಡೆ ತಿರುಗಿದ.

"ಕೇಳ್ತಿರೋದು ನಾನು. ಯಾಕೆ ನಿಂತೆ?"

"ಹಿಂದಿನಿಂದ ಕೂಗಿದ." ಮೇಸ್ತ್ರಿ ಮುಖ ಮುಚ್ಚಿಕೊಂಡ. "'ಭಾವಾ, ನಿಧಾನ, ಜಾರುತ್ತೆ' ಅಂದ."

ಇನ್ಸ್‌ಪೆಕ್ಟರ್ ವರದಿಯನ್ನು ಹರಿಯಲು ಹೊರಟ. ಅಕ್ಕ ತಡೆದಳು. ಅವನ ಜೇಬಿನಿಂದ ತಾನೇ ಪೆನ್ನು ತೆಗೆದು ಅವನ ಕೈಗೆ ಕೊಟ್ಟಳು.

"ಹರೀಬೇಡಿ. ಕುಡಿದಿದ್ದ ಅಂತ ಬರೆದಿದಾರಲ್ಲ, ಅದನ್ನ ಹೊಡೆದು ಹಾಕಿ. ಅದೇ ಜಾಗದಲ್ಲಿ ನನ್ನ ತಮ್ಮ ಆಡಿದ ಮಾತು ಬರೀರಿ. ಒಂದಕ್ಷರ ಬಿಡಬೇಡಿ."