ಅಳಿಲಣ್ಣನ ಬಾದಾಮಿ ಗಿಡ

ಬಾದಾಮಿ ಗಿಡದ ಎಲೆ ಹಳದಿಯಾಗಿದ್ದನ್ನು ನೋಡಿದ ಕೂಡಲೇ ಯಾರ ಮೇಲೆ ರೇಗಬೇಕೆಂದು ತೀರ್ಮಾನಿಸಿಬಿಟ್ಟೆ. ಅರಣ್ಯ ಕಚೇರಿಯ ಹಿಂದಿನ ಸಸಿತೋಟ ನೋಡಿಕೊಳ್ಳುವವಳು ನಾನು. ಮಾತು ಹರಿತ ಅಂತ ಎಲ್ಲರೂ ನನ್ನನ್ನು ಕರೆಯುವುದೇ ಕತ್ತರಿ ಎಂದು.

ಅದೇನು ಸಾಮಾನ್ಯ ಗಿಡವಲ್ಲ. ಕಾಡಿಗೆ ಬೆಂಕಿ ಹಚ್ಚಬೇಡಿ ಎಂದು ಶಾಲೆಶಾಲೆಗೆ ಹೋಗಿ ಕುಣಿಯುತ್ತಿದ್ದ ನಮ್ಮ ಅಳಿಲಣ್ಣನ ನೆನಪಿಗೆ ನೆಟ್ಟಿದ್ದು. ಅಳಿಲಣ್ಣ ಅಂದರೆ ಒಂದು ವೇಷ. ದೊಡ್ಡ ತಲೆ, ಪೊರಕೆಯಂಥ ಬಾಲ, ಕೈಯಲ್ಲೊಂದು ಬಕೆಟ್ಟು. ಒಳಗಿರುವವರು ತುಟಿ ಬಿಚ್ಚಬಾರದು, ಯಾರೆಂದು ಹೊರಗೆ ಗೊತ್ತಾಗಬಾರದು, ಹಾಗಂತ ಸಾಹೇಬರ ಕಟ್ಟಪ್ಪಣೆ. ಬಾಲ ಹರಿದು ಹೊಲಿಗೆ ನಿಲ್ಲದಂತಾದಾಗ ಸಾಹೇಬರು ಅವನಿಗೆ ನಿವೃತ್ತಿ ಕೊಟ್ಟು, ಸಸಿತೋಟದ ಗೇಟಿನ ಹೊರಗೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಗಿಡ ನೆಡಿಸಿ, ಪಕ್ಕದಲ್ಲಿ ಕಲ್ಲಿನ ಫಲಕ ಹಾಕಿಸಿದರು.

ನೆಟ್ಟಿದ್ದು ನಾನು ಮತ್ತು ಕೊನೆಯ ಸಲ ಹೊರಬಂದ ಅಳಿಲಣ್ಣ. ಮಣ್ಣು ಮುಚ್ಚುವಾಗ ಅವನ ಕಿವಿ ಹಿಂಡಿ, "ದಿನಾ ಬಂದು ನೋಡ್ಕೋಬೇಕು, ಗೊತ್ತಾಯ್ತಾ?" ಅಂದಿದ್ದೆ. ಆ ದೊಡ್ಡ ತಲೆ ಹೂಂ ಎಂದು ಅಲ್ಲಾಡಿತ್ತು. ಒಳಗಿರುವುದು ನಮ್ಮ ವಯಸ್ಸಾದ ಡ್ರೈವರ್ ಅಂದುಕೊಂಡಿದ್ದೆ.

ಆದರೆ ಮರುದಿನದಿಂದ ಗಿಡದ ಹತ್ತಿರ ಬಂದು ನಿಲ್ಲತೊಡಗಿದ್ದು ದುರ್ಬೀನು. ಗುಡ್ಡದ ಮೇಲಿನ ಕಾವಲು ಗೋಪುರದಲ್ಲಿ ಕೂತು ಹೊಗೆ ಎಲ್ಲಿ ಏಳುತ್ತದೆಂದು ನೋಡುವವರಿಗೆ ಕಚೇರಿಯವರು ಇಟ್ಟ ಹೆಸರು ಅದು. ಬೆಳಗ್ಗೆ ನಾನು ಸಸಿತೋಟದ ಗೇಟು ತೆಗೆಯುವ ಹೊತ್ತಿಗೆ ಅವರು ಅಲ್ಲಿರುತ್ತಿದ್ದರು. "ಗಿಡ ಹೇಗಿದೆ?" ಎಂದು ಕೇಳಿ, ನನ್ನನ್ನು ನೋಡಿಯೂ ನೋಡದ ಹಾಗೆ ನೋಡಿ, ಗುಡ್ಡ ಹತ್ತುತ್ತಿದ್ದರು. ಅಷ್ಟಕ್ಕೇ ನನ್ನ ದಿನ ಚೆನ್ನಾಗಿರುತ್ತಿತ್ತು. "ಇಷ್ಟು ನೀಟಾಗಿ ತಲೆ ಬಾಚ್ಕೊಂಡು ಹೋಗೋದು ಸಸಿಗಳಿಗೆ ತೋರ್ಸೋಕಾ?" ಎಂದು ಅಮ್ಮ ಕೇಳಲು ಶುರುಮಾಡಿದ್ದಳು.

ಈಗ ಸಾಹೇಬರು ಹಳದಿ ಎಲೆ ನೋಡಿ, "ಒಣಗಿದ್ರೆ ಕಿತ್ತುಹಾಕಿ, ಜೀಪ್ ನಿಲ್ಸೋಕಾದ್ರೂ ಜಾಗ ಆಗುತ್ತೆ" ಅಂದಿದ್ದರು. ಗಿಡ ಹೋದರೆ ದುರ್ಬೀನು ಇತ್ತ ತಲೆ ಹಾಕುವುದಿಲ್ಲ. ನನ್ನ ಚಿಂತೆ ಅದು.

ಮರುದಿನ ಬೆಳಗ್ಗೆ ಅವರು ಬಾಯಿ ತೆರೆಯುವ ಮೊದಲೇ ಶುರುಮಾಡಿದೆ. "ದಿನಾ ಬಂದು ಕಂಬದ ಥರ ನಿಂತ್ಕೊಂಡು ಹೋಗ್ತೀರಲ್ಲ, ಒಂದು ಕ್ಯಾನ್ ನೀರು ಹಾಕೋಕೇನು ರೋಗ?"

"ಹಾಕ್ತೀನಲ್ಲ. ನೀವು ಬರೋಕೆ ಮುಂಚೆ ಹಾಕಿರ್ತೀನಿ."

"ದಿನಾನಾ?"

"ದಿನಾ."

ಸಂಜೆ ಮನೆಗೆ ಹೊರಡುವ ಮುಂಚೆ ನಾನೂ ದಿನಾ ಹಾಕುತ್ತಿದ್ದೆ. ಬೆಳಗ್ಗೆ ಕಾಣುತ್ತಿದ್ದ ತೇವ ನನ್ನದೇ ನೀರಿನದು ಅಂದುಕೊಂಡಿದ್ದೆ.

ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಮಣ್ಣು ಬಿಡಿಸಿದೆವು. ಬುಡವೆಲ್ಲ ಕೆಸರು. ಬೇರಿನ ತುದಿಗಳು ಕಪ್ಪಾಗಿ ಕೊಳೆತಿದ್ದವು.

"ನೀವ್ಯಾಕೆ ಹಾಕಿದ್ರಿ?" ಅವರು ಕೇಳಿದರು.

"ದಿನಾ ಅದರ ಹತ್ರ ನಿಲ್ಲೋರು ನೀವು, ಒಣಗಿದ್ರೆ ಸಾಹೇಬ್ರು ನಿಮ್ಮನ್ನೇ ಬೈತಾರೆ ಅಂತ. ನೀವ್ಯಾಕೆ?"

"ನೀವೇ ಹೇಳಿದ್ರಲ್ಲ, ದಿನಾ ನೋಡ್ಕೋಬೇಕು ಅಂತ. ಕಿವಿ ಬೇರೆ ಹಿಂಡಿದ್ರಿ."

ಹಿಂಡಿದ್ದು ಯಾರ ಕಿವಿಯೆಂದು ಆಗ ಹೊಳೆಯಿತು. ನಾಚಿಕೆ ಮುಚ್ಚಿಕೊಳ್ಳಲು ಜಗಳವೇ ವಾಸಿ ಅನಿಸಿತು. "ಸಂಜೆ ನಾನು ನೀರು ಹಾಕೋದು ನಿಮ್ಮ ಗೋಪುರಕ್ಕೆ ಕಾಣ್ಲಿಲ್ವಾ?"

"ಇಲ್ಲ. ಸಸಿ ಸಾಲಿನ ಕೊನೇ ತನಕ ನೀವು ಕಾಣ್ತೀರಿ. ಆಮೇಲೆ ಟ್ಯಾಂಕ್ ಅಡ್ಡ ಬರುತ್ತೆ."

"ಕಾಡು ಇರೋದು ಆ ಕಡೆ. ದುರ್ಬೀನು ಈ ಕಡೆ ಯಾಕೆ ತಿರುಗಿತ್ತು?"

ಅವರು ಬೆರಳಿನ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡರು. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು, ನಾನು ಹಿಂಡದೆಯೇ.

ಕೊಳೆತ ಬೇರು ಕತ್ತರಿಸಿ, ಅವರು ಹೊತ್ತು ತಂದ ಮರಳುಮಣ್ಣಿನಿಂದ ದಿಬ್ಬ ಮಾಡಿ, ಗಿಡವನ್ನು ಮತ್ತೆ ನೆಟ್ಟೆ. ಒಳಗಿನ ತೊಗಟೆ ಇನ್ನೂ ಹಸಿರಾಗಿತ್ತು, ಬದುಕುತ್ತದೆ ಎಂಬ ಧೈರ್ಯ ಬಂತು. "ಇನ್ಮೇಲೆ ನಾನು ಹೇಳೋ ತನಕ ಯಾರೂ ಒಂದು ತೊಟ್ಟು ನೀರು ಹಾಕೋ ಹಾಗಿಲ್ಲ" ಅಂದೆ.

ಅವರು ಎದ್ದು ನಿಂತರು. "ಹಾಗಾದ್ರೆ ನಾನು ಬರೋದು ಬೇಡ."

ಊರಿಗೆಲ್ಲ ಬಾಯಿ ಮಾಡುವವಳಿಗೆ ಒಂದು ಮಾತು ಹೊರಡಿಸುವಷ್ಟರಲ್ಲಿ ಸಾಕುಬೇಕಾಯಿತು.

"ಗಿಡಕ್ಕೋಸ್ಕರ ಬೇಡ" ಅಂದೆ. "ನೀವು ಬರದಿದ್ರೆ ನನಗೆ ಆಗಲ್ಲ. ನನ್ನನ್ನ ನೋಡೋಕೆ ಬನ್ನಿ."

ಅವರು ಅಳಿಲಣ್ಣನ ಹಾಗೆ ತಲೆಯಾಡಿಸಿ ಗುಡ್ಡದ ದಾರಿ ಹಿಡಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೆಳಗ್ಗೆ ಗೇಟು ತೆಗೆಯಲು ಹೋದಾಗ ನೀರಿನ ಕ್ಯಾನು ನಲ್ಲಿಯ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ದುರ್ಬೀನು ಗಿಡದ ಹತ್ತಿರ ಇರಲಿಲ್ಲ. ಗೇಟಿಗೆ ಒರಗಿ ನಿಂತಿದ್ದರು, ಗಿಡಕ್ಕೆ ಬೆನ್ನು ಹಾಕಿಕೊಂಡು.

"ನೀವು ಹೇಗಿದ್ದೀರಿ?" ಎಂದು ಕೇಳಿದರು.