ಅಳಿಯನ ಪಾಲು

ಕೇಬಲ್ ಕಾರ್ ನಿಲ್ದಾಣದ ಮುಂದೆ ಕಾಮ್ಶತ್ ಎರಡು ಗಂಟೆಯಿಂದ ನಿಂತಿದ್ದಳು. ಕೈಯಲ್ಲಿದ್ದ ಎರಡು ಟಿಕೆಟ್ ಬೆವರಿಗೆ ಮೆತ್ತಗಾಗಿದ್ದವು. ಗಂಡ ದೌರೆನ್ ಲಿಫ್ಟ್ ರಿಪೇರಿಯವನು. ಅಸ್ತಾನಾದಿಂದ ಕೆಲಸದ ಮೇಲೆ ಅಲ್ಮಾಟಿಗೆ ಹೊರಟಾಗ, "ಮೂರು ದಿನ ಕೆಲಸ, ಒಂದು ಮಧ್ಯಾಹ್ನ ಊರು ಸುತ್ತೋದು, ಆಮೇಲೆ ನಿನ್ನ ತವರು" ಎಂದು ಬಾಯಿ ತುಂಬ ಹೇಳಿ ಕರೆತಂದಿದ್ದ. ಆ ಒಂದು ಮಧ್ಯಾಹ್ನವೂ ಯಾವುದೋ ಒಂಬತ್ತನೇ ಮಹಡಿಯಲ್ಲಿ ಸಿಕ್ಕಿಕೊಂಡಿತ್ತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವನಿಗೆ ಲಿಫ್ಟು, ಅವಳಿಗೆ ಔಷಧಿ ಅಂಗಡಿಯಲ್ಲಿ ಎರಡೆರಡು ಪಾಳಿ. ಇಬ್ಬರೂ ಕೂತು ಒಟ್ಟಿಗೆ ಉಣ್ಣುವುದನ್ನೇ ಬಿಟ್ಟು ವರ್ಷವಾಗಿತ್ತು. ಇನ್ನು ಜಗಳ ಮುಗಿಯುವುದಾದರೂ ಹೇಗೆ?

ಅವಳು ಅಮ್ಮನಿಗೆ ಫೋನ್ ಮಾಡಿದಳು. "ನಾಳೆ ಬರ್ತೀವಿ. ನಾನು ಅಲ್ಲೇ ಉಳ್ಕೋತೀನಮ್ಮ. ಅವನೊಬ್ಬನೇ ವಾಪಸ್ ಹೋಗ್ತಾನೆ."

"ಎಷ್ಟು ದಿನಕ್ಕೆ?"

"ಇನ್ನು ನನ್ನ ಕೈಲಾಗಲ್ಲಮ್ಮ."

ಅಷ್ಟರಲ್ಲಿ ದೌರೆನ್ ಓಡೋಡಿ ಬಂದ. ಮೊಳಕೈವರೆಗೆ ಗ್ರೀಸು, ಕಂಕುಳಲ್ಲಿ ಮಾವನಿಗೆಂದು ಒಂದು ಚೀಲ ಸೇಬು.

"ಬೈದ್ಬಿಡು."

"ಬೈಯೋಕೂ ಶಕ್ತಿ ಬೇಕಲ್ಲ."

ಕೇಬಲ್ ಕಾರ್ ಮೇಲೇರಿತು. ಕೆಳಗೆ ಮನೆಗಳ ಸೂರು, ಹಣ್ಣಿನ ಮರಗಳು, ಆಚೆಗೆ ಹಿಮದ ಬೆಟ್ಟ. "ಅದೋ ನೋಡು" ಎಂದು ತಿರುಗಿದರೆ, ಪುಣ್ಯಾತ್ಮ ಅವಳ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದ. ರೆಪ್ಪೆಯ ಮೇಲೂ ಕಬ್ಬಿಣದ ದೂಳು. ಮದುವೆಗೆ ಮುಂಚೆ ಇದೇ ರೆಪ್ಪೆಗಳನ್ನು ನೋಡಿ, "ಯಾವ ಹುಡುಗೀದು ಕದ್ದು ತಂದೆ?" ಎಂದು ರೇಗಿಸಿದ್ದಳು. ಒರೆಸಲು ಕೈ ಎತ್ತಿದವಳು ಮತ್ತೆ ಮಡಿಲಿಗೇ ಇಟ್ಟುಕೊಂಡಳು.

ಗುಡ್ಡದ ಮೇಲೆ ಇಳಿದಾಗ ತನ್ನ ತೀರ್ಮಾನ ಹೇಳಿದಳು. ಅಮ್ಮನಿಗೆ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಅವನು ಸೇಬಿನ ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ.

"ನಿನ್ನನ್ನ ಕಾಯಿಸಿ ಕಾಯಿಸಿ ನನಗೂ ಸುಸ್ತಾಗಿದೆ. ಅಲ್ಲೇ ನೆಮ್ಮದಿ ಅಂದ್ರೆ ಇರು. ನಾನೇ ಬಿಟ್ಟು ಬರ್ತೀನಿ."

ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ಅವಳಿಗೆ ಅಳು ಬಂತು. ಮರುದಿನ ಇಬ್ಬರೂ ತವರಿನ ರೈಲು ಹತ್ತಿದರು.

ತವರಿನಲ್ಲಿ ಕುರಿ ಕಡಿದಿದ್ದರು. ನಮ್ಮ ಕಜಾಕರ ಊಟದಲ್ಲಿ ಯಾರ ತಟ್ಟೆಗೆ ಯಾವ ತುಂಡು ಎನ್ನುವುದೇ ಅರ್ಧ ಮಾತು. ಎದೆಮಾಂಸ ಮನೆ ಅಳಿಯನದು, ಕಾಲಮೂಳೆ ಮರ್ಯಾದಸ್ಥ ಅತಿಥಿಯದು. ಆರು ವರ್ಷದಿಂದ ಮಾವ ತಾನೇ ಎದೆಮಾಂಸ ಬಡಿಸಿ, "ತಿನ್ನೋ, ಹೆಂಡ್ತಿ ಬೈಗಳ ತಿಂದ್ರೆ ಹೊಟ್ಟೆ ತುಂಬಲ್ಲ" ಎಂದು ನಗುತ್ತಿದ್ದ. ಹೆಂಡತಿಯಿಂದ ಫೋನಿನ ಮಾತು ಕೇಳಿದ್ದವನು ಇವತ್ತು ನಗಲಿಲ್ಲ. ಮಗಳ ಮುಖ ಒಮ್ಮೆ ನೋಡಿ, ದೌರೆನ್‌ನ ತಟ್ಟೆಗೆ ಕಾಲಮೂಳೆ ಇಟ್ಟ.

ದೌರೆನ್‌ಗೆ ತಿಳಿಯದೇ ಇದ್ದೀತೇ? "ದೊಡ್ಡ ಮರ್ಯಾದೆ ಮಾಡಿದ್ರಿ" ಎಂದು ತಲೆಬಾಗಿದ. ಹೊಸ ಮನೆಗೆ ಬಂದ ನೆಂಟನಂತೆ ಮಂಡಿ ಮಡಚಿ, ತಟ್ಟೆ ಮುಟ್ಟದೆ ಕೂತ. ತೋಳು ಎಷ್ಟು ತಿಕ್ಕಿ ತೊಳೆದಿದ್ದನೆಂದರೆ ಚರ್ಮ ಕೆಂಪಾಗಿತ್ತು.

ಕಾಮ್ಶತ್ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಯಲ್ಲೇ ಉಳಿದಿದ್ದ ಎದೆಮಾಂಸವನ್ನು ತಟ್ಟೆಗೆ ಹಾಕಿಕೊಂಡಳು.

"ಅದು ಯಾರಿಗೇ?" ಅಮ್ಮ ಮೆಲ್ಲಗೆ ಕೇಳಿದಳು.

"ನಿನ್ನ ಅಳಿಯನಿಗೆ."

ತಂದು ಅವನ ಮುಂದಿಟ್ಟು, ಕಾಲಮೂಳೆಯನ್ನು ಅಪ್ಪನ ತಟ್ಟೆಗೆ ದಾಟಿಸಿದಳು. ಅಪ್ಪ ಆ ಮೂಳೆಯನ್ನೇ ಕೈಗೆತ್ತಿಕೊಂಡ.

"ಕಾಮ್ಶತ್, ನಾನು ಬದಲಾಗ್ತೀನಿ ಅಂತ ಮಾತು ಕೊಡೋಕಾಗಲ್ಲ" ಎಂದ ದೌರೆನ್. "ಲಿಫ್ಟ್ ಕೆಡೋದು ನಿಲ್ಲಲ್ಲ."

"ಗೊತ್ತು. ಕಾಯೋದು ನನಗೂ ತಪ್ಪಲ್ಲ, ಬೈಯೋದೂ ತಪ್ಪಲ್ಲ." ಅವನ ಪಕ್ಕದಲ್ಲೇ ಕೂತಳು. "ಆದ್ರೆ ನಮ್ಮನೇಲಿ ನಿನ್ನನ್ನ ಅತಿಥಿ ಥರ ನೋಡೋಕೆ ನನ್ನಿಂದ ಆಗ್ಲಿಲ್ಲ ಕಣೋ."

ಅವನು ಚಾಕು ತೆಗೆದುಕೊಂಡು ಮಾಂಸವನ್ನು ಎರಡು ಪಾಲು ಮಾಡಿದ. ವರ್ಷದ ಮೇಲೆ ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿದರು.